ಸೊಂಟದ ಕೀಲು ನೋವು, ತೊಡೆಸಂದಿ ಎಳೆತ, ಜೊತೆಗೆ ಮಲಬದ್ಧತೆ: ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ?

ಬೆಳಗ್ಗೆ ಮಂಚದ ಅಂಚಿನಲ್ಲಿ ಕೂತು ಎಡಗಾಲಿಗೆ ಸಾಕ್ಸ್ ಹಾಕಿಕೊಳ್ಳಲು ಬಗ್ಗುತ್ತೀರಿ. ತೊಡೆಸಂದಿಯಲ್ಲಿ ಚಳುಕು ಹೊಡೆಯುತ್ತದೆ. ಉಸಿರು ಬಿಗಿಹಿಡಿದು ಹೇಗೋ ಹಾಕಿಕೊಂಡು ಏಳುತ್ತೀರಿ. ಆಮೇಲೆ ಟಾಯ್ಲೆಟ್‌ನಲ್ಲಿ ಇಪ್ಪತ್ತು ನಿಮಿಷ ಕೂತು ತಿಣುಕಿದರೂ ಹೊಟ್ಟೆ ಖಾಲಿಯಾದ ಹಾಗೆ ಅನಿಸುವುದಿಲ್ಲ. ನಿನ್ನೆಯೂ ಹೀಗೇ ಆಗಿತ್ತು. ಎದ್ದು ನಿಂತಾಗ ಸೊಂಟದ ಕೀಲು ಮೊದಲಿಗಿಂತ ಜಾಸ್ತಿ ಬಿಗಿದುಕೊಂಡಿರುತ್ತದೆ.

ನಾನು ಹೀಗೆ ಮೂರು ವರ್ಷ ಕಳೆದೆ. ಕೀಲು ನೋವಿಗೆ ಒಬ್ಬ ಡಾಕ್ಟರ್ ಜೋರಾದ ನೋವಿನ ಮಾತ್ರೆ ಕೊಟ್ಟರು. ನೋವು ಇಳಿಯಿತು, ಹೊಟ್ಟೆ ಪೂರ್ತಿ ಕಟ್ಟಿಕೊಂಡಿತು. ಹೊಟ್ಟೆಗೆಂದು ಹೋದಾಗ ಇನ್ನೊಬ್ಬರು, ಕಾಲಡಿ ಎತ್ತರದ ಮಣೆ ಇಟ್ಟುಕೊಂಡು ಕೂತುಕೊಳ್ಳಿ ಅಂದರು. ಮೋಷನ್ ಸಲೀಸಾಯಿತು, ಆದರೆ ತೊಡೆಸಂದಿ ನಾಲ್ಕು ದಿನ ಕುಂಟುವ ಹಾಗೆ ಮಾಡಿತು. ಇಬ್ಬರ ಸಲಹೆಯೂ ತಪ್ಪಲ್ಲ. ಆದರೆ ಕೀಲಿನ ಡಾಕ್ಟರಿಗೆ ನಾನು ಮಲಬದ್ಧತೆಯ ವಿಷಯ ಹೇಳಿರಲಿಲ್ಲ, ಹೊಟ್ಟೆ ಡಾಕ್ಟರಿಗೆ ಕೀಲಿನ ವಿಷಯ ಹೇಳಿರಲಿಲ್ಲ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ಏಟು ಕೊಡುತ್ತಾ ಹೋಯಿತು.

ಈ ಲೇಖನ ಅದಕ್ಕೇ. ನಾನು ಡಾಕ್ಟರ್ ಅಲ್ಲ. ಎರಡನ್ನೂ ಒಟ್ಟಿಗೆ ಹೊತ್ತು ಬದುಕಿದವರು, ಡಾಕ್ಟರು ಮತ್ತು ಫಿಸಿಯೋಥೆರಪಿಸ್ಟ್ ಹೇಳಿದ್ದನ್ನು ದಿನಾ ಮಾಡಿ ನೋಡಿದವರು ಹೇಗೆ ಹೇಳುತ್ತಾರೋ ಹಾಗೆ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು: ಕಾಯಬಾರದ ಲಕ್ಷಣಗಳು

ಕೆಲವು ಲಕ್ಷಣಗಳಿಗೆ ಮನೆ ಆರೈಕೆ ಅಲ್ಲ, ಆಸ್ಪತ್ರೆಯೇ ದಾರಿ. ಇದನ್ನು ದಯವಿಟ್ಟು ಹಾರಿಸಿ ಓದಬೇಡಿ.

ತಕ್ಷಣ ಹೊರಡಬೇಕಾದವು ಇವು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ಇದ್ದರೆ ಕರುಳು ಮುಚ್ಚಿಕೊಂಡಿರಬಹುದು. ತೊಡೆಸಂದಿಯಲ್ಲಿ ಗಂಟು ಎದ್ದು, ಒತ್ತಿದರೂ ಒಳಗೆ ಹೋಗದೆ, ಗಟ್ಟಿಯಾಗಿ ನೋಯುತ್ತಿದ್ದರೆ ಅದು ಸಿಕ್ಕಿಹಾಕಿಕೊಂಡ ಹರ್ನಿಯಾ ಇರಬಹುದು. ಕೂರುವ ಜಾಗ, ಗುದದ ಸುತ್ತ, ಒಳತೊಡೆ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಕಾಲುಗಳಲ್ಲಿ ಶಕ್ತಿ ಇಲ್ಲದಂತಾದರೆ ಬೆನ್ನುಹುರಿಯ ಕೆಳಗಿನ ನರಗಳ ಮೇಲೆ ಒತ್ತಡ ಬಿದ್ದಿರಬಹುದು. ಇದಕ್ಕೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ಜ್ವರದ ಜೊತೆ ಕೀಲು ನೋವು ಬಂದು ಕಾಲೂರಲು ಆಗದಿದ್ದರೆ, ಬಿದ್ದ ಮೇಲೆ ನಡೆಯಲು ಆಗದಿದ್ದರೆ, ಗಂಡಸರಲ್ಲಿ ವೃಷಣದ ನೋವು ದಿಢೀರನೆ ಶುರುವಾದರೆ, ಗರ್ಭಿಣಿ ಇರಬಹುದಾದವರಲ್ಲಿ ಒಂದು ಬದಿ ಕೆಳಹೊಟ್ಟೆ ತೀವ್ರವಾಗಿ ನೋಯುತ್ತಿದ್ದರೆ ಕೂಡ ಹಾಗೇ.

ಇನ್ನು ಕೆಲವಕ್ಕೆ ಇದೇ ವಾರ ಡಾಕ್ಟರನ್ನು ಕಾಣಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 45 ದಾಟಿದ ಮೇಲೆ ಮೋಷನ್ ರೀತಿಯೇ ಹೊಸದಾಗಿ ಬದಲಾಗುವುದು, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿರುವುದು. ಕೀಲಿನ ಕಡೆಯಿಂದ ನೋಡಿದರೆ, ಮಲಗಿದರೂ ಬಿಡದೆ ರಾತ್ರಿಯಿಡೀ ಕಾಡುವ ನೋವು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡಿದ್ದದ್ದು. ಸ್ಟೀರಾಯ್ಡ್‌ನಿಂದಲೂ ಜಾಸ್ತಿ ಮದ್ಯದಿಂದಲೂ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು, ಮೂಳೆ ಒಳಗಿಂದ ಸಾಯುವುದುಂಟು. ಅದರ ಮೊದಲ ಸುಳಿವು ಎಷ್ಟೋ ಸಲ ಬರೀ ತೊಡೆಸಂದಿ ನೋವು.

ಎರಡಕ್ಕೂ ಏನು ನಂಟು?

ಸೊಂಟದ ಮೂಳೆಗಳನ್ನು ಒಂದು ಬಟ್ಟಲು ಅಂದುಕೊಳ್ಳಿ. ಬಟ್ಟಲಿನ ತಳದಲ್ಲಿ ಜೋಲಿಯ ಹಾಗೆ ಹರಡಿಕೊಂಡ ಸ್ನಾಯುಗಳಿವೆ. ಪೆಲ್ವಿಕ್ ಫ್ಲೋರ್ ಅನ್ನುವುದು ಇದನ್ನೇ. ನಾನು ತಳದ ಸ್ನಾಯು ಅನ್ನುತ್ತೇನೆ. ಮಲ ಹೊರಗೆ ಬರಬೇಕಾದರೆ ಈ ಜೋಲಿ ಸಡಿಲವಾಗಿ ಕೆಳಗಿಳಿಯಬೇಕು. ಅದರಲ್ಲೂ ಗುದದ ಹಿಂದಿನಿಂದ ಕುಣಿಕೆಯ ಹಾಗೆ ಸುತ್ತಿ ಮುಂದಕ್ಕೆ ಎಳೆದು ಹಿಡಿದಿರುವ ಒಂದು ಸ್ನಾಯು ಇದೆ. ಅದು ಬಿಗಿದಿದ್ದರೆ ದಾರಿ ಮಡಿಸಿದ ಪೈಪಿನ ಹಾಗೆ ಬಾಗಿರುತ್ತದೆ. ಬಿಟ್ಟರೆ ದಾರಿ ನೇರವಾಗುತ್ತದೆ.

ಈಗ ಬಟ್ಟಲಿನ ಪಕ್ಕದ ಗೋಡೆ ನೋಡಿ. ಅಲ್ಲಿ ಆಬ್ಟ್ಯುರೇಟರ್ ಇಂಟರ್ನಸ್ ಅನ್ನುವ ಸ್ನಾಯು ಇದೆ. ಕೆಲಸದಲ್ಲಿ ಇದು ಕೀಲಿನ ಸ್ನಾಯು, ತೊಡೆಯನ್ನು ಹೊರಕ್ಕೆ ತಿರುಗಿಸುತ್ತದೆ. ಆದರೆ ತಳದ ಜೋಲಿಯ ಒಂದು ಭಾಗ ಹೊಲಿದುಕೊಂಡಿರುವುದು ಇದರ ಹೊದಿಕೆಗೇ. ಕೀಲು ನೋವಿಗೆ ಇದು ಬಿಗಿದರೆ ಜೋಲಿಯೂ ಬಿಗಿಯಬಹುದು. ದಿನಾ ತಿಣುಕಿ ತಿಣುಕಿ ಜೋಲಿ ಬಿಗಿದರೆ, ಕೀಲಿನ ಆಳದಲ್ಲಿ, ತೊಡೆಸಂದಿಯಲ್ಲಿ, ಕೂರುವ ಮೂಳೆಯ ಹತ್ತಿರ ನೋವು ಕಾಣಿಸಬಹುದು.

ಇನ್ನೊಂದು ನಂಟು ಮುಂಭಾಗದಲ್ಲಿದೆ. ಬೆನ್ನುಮೂಳೆಯಿಂದ ಹೊರಟು ತೊಡೆಸಂದಿಯ ಮೂಲಕ ತೊಡೆಗೆ ಬರುವ ಸೋವಾಸ್ ಸ್ನಾಯು, ತೊಡೆ ಎತ್ತುವ ಮುಖ್ಯ ಸ್ನಾಯು. ಎಡಗಡೆ ಅದರ ಮುಂದೆಯೇ ದೊಡ್ಡ ಕರುಳಿನ ಕೊನೆಯ ಭಾಗ ಹಾದುಹೋಗುತ್ತದೆ. ಅಲ್ಲಿ ಗಟ್ಟಿ ಮಲ ತುಂಬಿಕೊಂಡರೆ ಎಡ ಕೆಳಹೊಟ್ಟೆ ಮತ್ತು ತೊಡೆಸಂದಿ ಭಾರವಾಗಿ ಎಳೆದ ಹಾಗಾಗುವುದುಂಟು. ನನಗೆ ಮೂರು ದಿನ ಮೋಷನ್ ಆಗದಿದ್ದಾಗ ಕಾಣಿಸುತ್ತಿದ್ದ ಎಳೆತ, ಹೊಟ್ಟೆ ಖಾಲಿಯಾದ ದಿನ ಅರ್ಧಕ್ಕರ್ಧ ಇಳಿಯುತ್ತಿತ್ತು. ಉಳಿದರ್ಧ ಕೀಲಿನದು. ಅದು ಗೊತ್ತಾಗಲು ನನಗೆ ಒಂದು ನೋಟ್‌ಬುಕ್ ಬೇಕಾಯಿತು.

ಹೆಜ್ಜೆ 1: ಎರಡು ವಾರ ಬರೆದಿಡಿ

ದಿನಕ್ಕೆ ಎರಡೇ ಸಾಲು ಸಾಕು. ಮೋಷನ್ ಆಯಿತಾ, ಹೇಗಿತ್ತು, ತಿಣುಕಬೇಕಾಯಿತಾ. ನೋವು ಎಲ್ಲಿ, 10ಕ್ಕೆ ಎಷ್ಟು, ಏನು ಮಾಡಿದಾಗ ಜಾಸ್ತಿಯಾಯಿತು. ತೆಗೆದುಕೊಂಡ ಮಾತ್ರೆ. ಹೆಂಗಸರು ಮುಟ್ಟಿನ ದಿನಗಳನ್ನೂ ಗುರುತು ಹಾಕಿ. ಮುಟ್ಟಿನ ಹೊತ್ತಿಗೇ ತೊಡೆಸಂದಿ ನೋವು ಜಾಸ್ತಿಯಾಗಿ, ಮೋಷನ್ ಹೋಗುವಾಗಲೂ ನೋಯುತ್ತಿದ್ದರೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರಬಹುದಾ ಎಂದು ನೋಡಿಸಬೇಕು. ಎಷ್ಟೋ ಜನರಲ್ಲಿ ಇದು ಬರೀ ಮಲಬದ್ಧತೆ ಅನ್ನುವ ಹೆಸರಿನಲ್ಲಿ ವರ್ಷಗಟ್ಟಲೆ ಅಡಗಿ ಕೂತಿರುತ್ತದೆ.

ಮಲ ಹೇಗಿತ್ತು ಅಂತ ಬರೆಯಲು ಬ್ರಿಸ್ಟಲ್ ಚಾರ್ಟ್ ಅನ್ನುವ ಸುಲಭದ ಅಳತೆ ಇದೆ. 1997ರಲ್ಲಿ ಪ್ರಕಟವಾದದ್ದು, ಇವತ್ತಿಗೂ ಎಲ್ಲ ಡಾಕ್ಟರಿಗೂ ಗೊತ್ತು. 1 ಅಂದರೆ ಬಿಡಿ ಬಿಡಿ ಗಟ್ಟಿ ಉಂಡೆ. 2 ಅಂದರೆ ಉಂಡೆಗಳೇ ಅಂಟಿಕೊಂಡ ಗಂಟುಗಂಟಾದ ಮಲ. 3 ಮತ್ತು 4 ಅಂದರೆ ಉದ್ದಕ್ಕೆ, ಮೆತ್ತಗೆ ಬರುವುದು, ನಮ್ಮ ಗುರಿ ಇದೇ. 7 ಅಂದರೆ ಪೂರ್ತಿ ನೀರು. ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕಿಂತ ಈ ನಂಬರು ಜಾಸ್ತಿ ವಿಷಯ ಹೇಳುತ್ತದೆ. ದಿನಾ ಹೋದರೂ 1 ಅಥವಾ 2 ಇದ್ದು, ತಿಣುಕಬೇಕಾಗಿ, ಪೂರ್ತಿ ಆಗಲಿಲ್ಲ ಅನಿಸುತ್ತಿದ್ದರೆ ಅದೂ ಮಲಬದ್ಧತೆಯೇ. ಒಂದು ಎಚ್ಚರಿಕೆ: ವಾರವಿಡೀ ಕಟ್ಟಿಕೊಂಡಿದ್ದು ಆಮೇಲೆ ನೀರು ನೀರಾಗಿ ಸೋರತೊಡಗಿದರೆ ಅದನ್ನು ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ನುಂಗಬೇಡಿ. ಒಳಗೆ ಗಟ್ಟಿ ಮಲ ಅಡ್ಡ ಕೂತು, ಪಕ್ಕದಿಂದ ನೀರು ಇಳಿಯುತ್ತಿರಬಹುದು. ಡಾಕ್ಟರಿಗೆ ತೋರಿಸಿ.

ನೋವಿನ ಜಾಗವನ್ನು ಬೆರಳಿಟ್ಟು ಗುರುತಿಸಿ. ಕೀಲಿನ ಒಳಗಿನ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲೇ ಕಾಣಿಸುತ್ತದೆ. ಎಲ್ಲಿ ನೋವು ಅಂತ ಕೇಳಿದರೆ ಜನ ಹೆಬ್ಬೆರಳನ್ನು ಹಿಂದಕ್ಕೆ, ಉಳಿದ ಬೆರಳನ್ನು ಮುಂದಕ್ಕೆ ಮಾಡಿ ಕೀಲನ್ನು ಕೈಯಿಂದ ಕವುಚಿ ಹಿಡಿದು ತೋರಿಸುತ್ತಾರೆ. ಸಾಕ್ಸ್ ಹಾಕುವುದು, ಕಾರಿನಿಂದ ಇಳಿಯುವುದು, ತಗ್ಗಾದ ಕುರ್ಚಿಯಿಂದ ಏಳುವುದು ಕಷ್ಟವಾಗುತ್ತದೆ. ತೊಡೆಯ ಹೊರಬದಿಯ ಮೂಳೆ ಮೇಲೆ, ಅದೇ ಮಗ್ಗುಲಿಗೆ ಮಲಗಿದಾಗ ನೋಯುವುದಾದರೆ ಅದು ಬಹುಪಾಲು ಪಿರ್ರೆಯ ಸ್ನಾಯುರಜ್ಜುಗಳದ್ದು, ಕೀಲಿನದಲ್ಲ. ಕೆಮ್ಮಿದಾಗ, ತಿಣುಕಿದಾಗ ತೊಡೆಸಂದಿಯಲ್ಲಿ ಏನೋ ಉಬ್ಬಿ ಬಂದ ಹಾಗಾಗಿ ಮಲಗಿದಾಗ ಮಾಯವಾದರೆ ಹರ್ನಿಯಾ ಅನುಮಾನ. ಮಲಬದ್ಧತೆ ಇರುವವರಲ್ಲಿ ಇದನ್ನು ಮರೆಯಲೇಬಾರದು. ವರ್ಷಾನುಗಟ್ಟಲೆ ತಿಣುಕುವುದು ಹರ್ನಿಯಾಗೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಒಂದು.

ಹೆಜ್ಜೆ 2: ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ

ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್, ಮಾರ್ಫಿನ್ ಗುಂಪಿನ ಔಷಧಿಗಳು ಕರುಳಿನ ಓಟವನ್ನೇ ನಿಧಾನ ಮಾಡುತ್ತವೆ. ಬೇರೆ ಅಡ್ಡಪರಿಣಾಮಗಳು ಕೆಲವು ದಿನದಲ್ಲಿ ಒಗ್ಗಬಹುದು, ಮಲಬದ್ಧತೆ ಮಾತ್ರ ಅಷ್ಟಾಗಿ ಒಗ್ಗುವುದಿಲ್ಲ. ಹಾಗಾಗಿ ಇವನ್ನು ಬರೆದುಕೊಡುವಾಗ ಜೊತೆಗೇ ಮಲ ಸಡಿಲಿಸುವ ಔಷಧಿ ಬೇಕಾ ಎಂದು ನೀವೇ ಬಾಯಿಬಿಟ್ಟು ಕೇಳಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಇರುವ ಆಸಿಡಿಟಿ ಔಷಧಿ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಬಿಪಿಯ ವೆರಾಪಮಿಲ್, ವಾಂತಿ ನಿಲ್ಲಿಸುವ ಒಂಡಾನ್‌ಸೆಟ್ರಾನ್ ಕೂಡ ಹೊಟ್ಟೆ ಕಟ್ಟುತ್ತವೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಪಟ್ಟಿ ಮಾಡಿ ತೋರಿಸಿ, ಬದಲಿ ಇದೆಯಾ ಕೇಳಿ.

ಪ್ಯಾರಾಸಿಟಮಾಲ್ ಹೊಟ್ಟೆ ಕಟ್ಟುವುದು ಕಡಿಮೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್ ತೊಂದರೆ ಇದ್ದರೆ ಅದಕ್ಕಿಂತಲೂ ಕಡಿಮೆ. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ, ಸೇರಿಸಿ ಲೆಕ್ಕ ಹಾಕಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೀಲಿಗೆ ಚೆನ್ನಾಗಿ ಕೆಲಸ ಮಾಡಿದರೂ ಹೊಟ್ಟೆಯ ಒಳಪದರ, ಕಿಡ್ನಿ, ಬಿಪಿಗೆ ತೊಂದರೆ ಕೊಡಬಹುದು, ದಿನಾ ನುಂಗುವ ಮೊದಲು ಕೇಳಲೇಬೇಕು. ಸವರುವ ಜೆಲ್ ಮಂಡಿಗೆ ಉಪಯೋಗ. ಸೊಂಟದ ಕೀಲು ಬಹಳ ಆಳದಲ್ಲಿರುವುದರಿಂದ ಅಲ್ಲಿಗೆ ಅದು ಅಷ್ಟಾಗಿ ಮುಟ್ಟುವುದಿಲ್ಲ. ನಾನು ಟ್ಯೂಬುಗಟ್ಟಲೆ ಸವರಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಥೈರಾಯ್ಡ್ ಕಡಿಮೆ ಇರುವುದು, ಸಕ್ಕರೆ ಕಾಯಿಲೆ, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುವುದು ಕೂಡ ಮಲಬದ್ಧತೆ ತರುತ್ತವೆ. ಇವುಗಳ ರಕ್ತ ಪರೀಕ್ಷೆ ಮಾಡಿಸಿಲ್ಲದಿದ್ದರೆ ಅದನ್ನೂ ಕೇಳಿ.

ಹೆಜ್ಜೆ 3: ಮೊದಲು ಮಲ ಮೆತ್ತಗಾಗಲಿ

ಕೀಲು ನೋಯುವವರಿಗೆ ತಿಣುಕುವುದೇ ದೊಡ್ಡ ಶತ್ರು. ಮಲ ಮೆತ್ತಗಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ.

ನಾರಿನಂಶ ದಿನಕ್ಕೆ 25ರಿಂದ 30 ಗ್ರಾಂ ಬೇಕು. ತರಕಾರಿ, ಹಣ್ಣು, ಕಾಳು, ತವುಡು ತೆಗೆಯದ ಧಾನ್ಯ. ಆದರೆ ಒಂದೇ ದಿನ ಎಲ್ಲ ಸುರಿಯಬೇಡಿ. ಹೊಟ್ಟೆ ಉಬ್ಬಿ, ಆ ಉಬ್ಬರಕ್ಕೆ ತೊಡೆಸಂದಿ ಇನ್ನಷ್ಟು ಬಿಗಿಯುತ್ತದೆ. ಮೂರು ನಾಲ್ಕು ವಾರದಲ್ಲಿ ಸ್ವಲ್ಪಸ್ವಲ್ಪವೇ ಏರಿಸಿ. ಇಸಬ್‌ಗೋಲ್ ತೆಗೆದುಕೊಳ್ಳುವುದಾದರೆ ಪ್ರತಿ ಸಲ ಒಂದು ಲೋಟ ತುಂಬಾ ನೀರಿನ ಜೊತೆಗೇ ತೆಗೆದುಕೊಳ್ಳಿ. ನೀರಿಲ್ಲದೆ ನುಂಗಿದರೆ ಅದೇ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ಪ್ರೂನ್ಸ್ ಮತ್ತು ಕಿವಿ ಹಣ್ಣು ನಿಜವಾಗಿ ಕೆಲಸ ಮಾಡುತ್ತವೆ, ಇದು ಬರೀ ಅಜ್ಜಿ ಮದ್ದಲ್ಲ, ಪರೀಕ್ಷಿಸಿ ನೋಡಿದ ವಿಷಯ.

ನಾರು ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ. ತಳದ ಸ್ನಾಯು ಬಿಡದಿರುವವರಿಗೆ, ಮಾರ್ಫಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ನಾರು ಜಾಸ್ತಿ ಮಾಡಿದರೆ ಬಾಗಿಲು ಮುಚ್ಚಿದ ಕೋಣೆಗೆ ಇನ್ನಷ್ಟು ಸಾಮಾನು ತುಂಬಿದ ಹಾಗೆ. ತಿಂದಷ್ಟೂ ಕಷ್ಟ ಹೆಚ್ಚುತ್ತಿದ್ದರೆ ಇಳಿಸಿ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ನೀರು? ಮೂತ್ರ ತಿಳಿ ಹಳದಿ ಇರುವಷ್ಟು ಕುಡಿದರೆ ಸಾಕು. ಕೊಡಗಟ್ಟಲೆ ಕುಡಿದರೆ ಮಲಬದ್ಧತೆ ಹೋಗುವುದಿಲ್ಲ, ಟಾಯ್ಲೆಟ್‌ಗೆ ಓಡಾಟ ಜಾಸ್ತಿಯಾಗುತ್ತದೆ ಅಷ್ಟೇ. ಹೃದಯ, ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಹೇಳಿದ ಅಳತೆ ಮೀರಬೇಡಿ.

ಇಷ್ಟರಲ್ಲಿ ಆಗದಿದ್ದರೆ ಔಷಧಿ ತೆಗೆದುಕೊಳ್ಳಲು ಹಿಂಜರಿಯಬೇಡಿ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕರುಳಿನಲ್ಲಿ ನೀರು ಹಿಡಿದಿಟ್ಟು ಮಲ ಮೆತ್ತಗೆ ಮಾಡುತ್ತದೆ, ಕೆಲಸ ಮಾಡಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಲ್ಯಾಕ್ಟುಲೋಸ್ ಸಿರಪ್ಪೂ ಅದೇ ಕೆಲಸ ಮಾಡುತ್ತದೆ, ಗ್ಯಾಸ್ ಸ್ವಲ್ಪ ಜಾಸ್ತಿ. ಬಿಸಾಕೊಡಿಲ್, ಸೆನ್ನಾ ಕರುಳನ್ನು ಕುಲುಕಿ ಓಡಿಸುವಂಥವು, ರಾತ್ರಿ ತೆಗೆದುಕೊಂಡರೆ ಬೆಳಗ್ಗೆ ಹೊತ್ತಿಗೆ ಕೆಲಸ. ಇವನ್ನು ತೆಗೆದುಕೊಂಡರೆ ಕರುಳು ಸೋಮಾರಿಯಾಗಿ ಹಾಳಾಗುತ್ತದೆ ಅನ್ನುವ ಭಯ ಬಹಳ ಜನರಲ್ಲಿದೆ. ಹೇಳಿದ ಅಳತೆಯಲ್ಲಿ ತೆಗೆದುಕೊಂಡರೆ ಹಾಗಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೂ ಯಾವುದು, ಎಷ್ಟು ದಿನ ಅನ್ನುವುದನ್ನು ಡಾಕ್ಟರ್ ಹತ್ತಿರ ಮಾತಾಡಿ ಇಟ್ಟುಕೊಳ್ಳಿ.

ಹೆಜ್ಜೆ 4: ಕೂರುವ ರೀತಿ, ಇದೇ ಮುಖ್ಯ

ಕುಕ್ಕರಗಾಲಲ್ಲಿ ಕೂತರೆ ಮಲದ ದಾರಿ ನೇರವಾಗುತ್ತದೆ. ಇದು ನಿಜ. ಕಮೋಡ್ ಮೇಲೆ ಕೂರುವವರು ಕಾಲಡಿ 20 ಸೆಂ.ಮೀ. ಎತ್ತರದ ಮಣೆ ಇಟ್ಟುಕೊಂಡರೆ ಅದೇ ಲಾಭ ಸಿಗುತ್ತದೆ. ಆದರೆ ಸವೆದ ಕೀಲಿಗೆ, ಅಥವಾ ಕೀಲಿನ ಮೂಳೆಗಳು ಒಂದಕ್ಕೊಂದು ತಾಕುವ ತೊಂದರೆ ಇರುವವರಿಗೆ, ತೊಡೆ ಹೊಟ್ಟೆಯ ಕಡೆ ಪೂರ್ತಿ ಮಡಚುವ ಭಂಗಿಯೇ ಅತಿ ಕೆಟ್ಟದ್ದು. ಹೊಟ್ಟೆಗೆ ಬೇಕಾದದ್ದು ಕೀಲಿಗೆ ಬೇಡ. ಇಲ್ಲಿ ನಡುದಾರಿ ಹುಡುಕಬೇಕು.

ನಾನು ಹುಡುಕಿದ್ದು ಹೀಗೆ. ಮೊದಲು ಮಣೆ ಬಿಟ್ಟು, ದಪ್ಪ ಪುಸ್ತಕದಷ್ಟು, ಸುಮಾರು 8ರಿಂದ 10 ಸೆಂ.ಮೀ. ಎತ್ತರದ ಅಲುಗಾಡದ ಹಲಗೆ ಇಟ್ಟೆ. ಮಂಡಿಗಳನ್ನು ಭುಜಕ್ಕಿಂತ ಅಗಲ ಮಾಡಿದೆ. ಪಾದದ ಬೆರಳುಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದೆ. ಮಂಡಿ ಅಗಲವಾಗಿ ಹೊರಕ್ಕೆ ತಿರುಗಿದಾಗ ಕೀಲಿನ ಮುಂಭಾಗದಲ್ಲಿ ಜಾಗ ಸಿಗುತ್ತದೆ, ಚಳುಕು ಹೊಡೆಯುವುದು ಕಡಿಮೆಯಾಗುತ್ತದೆ. ಮಂಡಿ ಒಳಕ್ಕೆ ಬಿದ್ದರೆ ತಕ್ಷಣ ಗೊತ್ತಾಗುತ್ತದೆ, ಅದು ಬೇಡ. ಮೊಳಕೈಗಳನ್ನು ತೊಡೆಯ ಮೇಲೆ ಊರಿ, ಬೆನ್ನು ನೆಟ್ಟಗಿಟ್ಟುಕೊಂಡು ನೋವು ಬರದಷ್ಟು ಮಾತ್ರ ಮುಂದಕ್ಕೆ ಬಾಗಿದೆ. ನೋವು ಜೋರಿರುವ ದಿನ ಹಲಗೆಯನ್ನು ಚೆನ್ನಾಗಿರುವ ಕಾಲಡಿ ಮಾತ್ರ ಇಟ್ಟು, ನೋಯುವ ಕಾಲನ್ನು ನೆಲದ ಮೇಲೆ ಸ್ವಲ್ಪ ಮುಂದಕ್ಕೆ ಚಾಚಿದೆ. ನನಗೆ ಇದು ಒಗ್ಗಿತು. ನಿಮ್ಮ ಕೀಲು ಬೇರೆ ಅಳತೆ ಕೇಳಬಹುದು, ಒಂದೊಂದು ಬೆರಳಷ್ಟು ಎತ್ತರಿಸುತ್ತಾ ನೋಡಿ.

ಕೀಲು ಬದಲಿ ಆಪರೇಷನ್ ಆದವರಿಗೆ ಮಾತು ಬೇರೆ. ತೊಡೆ 90 ಡಿಗ್ರಿ ಮೀರಿ ಮಡಚಬಾರದು ಎಂದು ಸರ್ಜನ್ ಹೇಳಿದ್ದರೆ ಮಣೆ, ಹಲಗೆ, ಮುಂದಕ್ಕೆ ಬಾಗುವುದು ಎಲ್ಲವನ್ನೂ ಅವರನ್ನು ಕೇಳುವವರೆಗೆ ಬಿಡಿ. ಎತ್ತರದ ಸೀಟ್ ಹಾಕಿಸಿ, ಕೈಹಿಡಿ ಹಾಕಿಸಿ, ಮಲ ಮೆತ್ತಗಿಡುವುದರ ಮೇಲೆ ಮತ್ತು ಮುಂದೆ ಹೇಳುವ ಉಸಿರಿನ ಮೇಲೆ ನಂಬಿಕೆ ಇಡಿ. ಕೈಹಿಡಿ ಎಲ್ಲರಿಗೂ ಒಳ್ಳೆಯದೇ. ಏಳುವಾಗ ಕೈ ಭಾರ ಹೊತ್ತರೆ ಕೀಲಿಗೆ ಅಷ್ಟು ಉಳಿತಾಯ.

ಹೊತ್ತೂ ಮುಖ್ಯ. ಎದ್ದು ಏನಾದರೂ ತಿಂದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ತಿಂಡಿಯಾದ ಹದಿನೈದರಿಂದ ಮೂವತ್ತು ನಿಮಿಷಕ್ಕೆ, ದಿನಾ ಅದೇ ಹೊತ್ತಿಗೆ ಹೋಗಿ ಕೂರಿ. ಐದು ನಿಮಿಷ, ಹೆಚ್ಚೆಂದರೆ ಹತ್ತು. ಆಗದಿದ್ದರೆ ಎದ್ದುಬಿಡಿ. ಫೋನ್ ಹೊರಗಿರಲಿ. ಬಹಳ ಹೊತ್ತು ಕೂತರೆ ಮೂಲವ್ಯಾಧಿಗೂ ದಾರಿ, ಕೀಲೂ ಬಿಗಿಯುತ್ತದೆ. ಇನ್ನೊಂದು: ಬಂದಾಗ ತಡೆಯಬೇಡಿ. ಏಳಲು ನೋವು ಅಂತ ಸುಮ್ನೆ ಮುಂದೂಡುತ್ತಾ ಹೋದರೆ ಮಲ ಅಲ್ಲೇ ಒಣಗಿ ಗಟ್ಟಿಯಾಗುತ್ತದೆ, ನಾಳೆಯ ತಿಣುಕು ಇವತ್ತೇ ತಯಾರಾಗುತ್ತದೆ.

ಹೆಜ್ಜೆ 5: ತಳ್ಳುವುದಲ್ಲ, ಬಿಡುವುದು

ಫಿಸಿಯೋಥೆರಪಿಸ್ಟ್ ನನ್ನನ್ನು ಮಲಗಿಸಿ ಒಂದು ಪ್ರಶ್ನೆ ಕೇಳಿದರು. ತಿಣುಕುವಾಗ ಗುದ ಕೆಳಗಿಳಿಯುತ್ತದಾ, ಮೇಲಕ್ಕೆ ಎಳೆದುಕೊಳ್ಳುತ್ತದಾ? ಗಮನಿಸಿದರೆ ಮೇಲಕ್ಕೇ ಎಳೆದುಕೊಳ್ಳುತ್ತಿತ್ತು. ಹಲ್ಲು ಕಚ್ಚಿ, ಉಸಿರು ಕಟ್ಟಿ ತಳ್ಳುತ್ತಿದ್ದೆ, ಅದೇ ಹೊತ್ತಿಗೆ ಬಾಗಿಲನ್ನೂ ಬಿಗಿಯಾಗಿ ಹಾಕಿಕೊಳ್ಳುತ್ತಿದ್ದೆ. ಮಲಬದ್ಧತೆ ಇರುವ ಬಹಳ ಜನರಿಗೆ ಹೀಗಾಗುತ್ತದೆ, ಯಾರಿಗೂ ಗೊತ್ತಿರುವುದಿಲ್ಲ.

ಅಭ್ಯಾಸ ಮಲಗಿ ಶುರು ಮಾಡಿ. ಮಂಡಿ ಮಡಿಸಿ, ನೋಯುವ ಕಾಲಿನ ಕೆಳಗೆ ದಿಂಬು ಕೊಟ್ಟು, ಒಂದು ಕೈ ಹೊಟ್ಟೆ ಮೇಲೆ ಇಡಿ. ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳಿ, ಹೊಟ್ಟೆ ಉಬ್ಬಲಿ, ಪಕ್ಕೆಲುಬು ಅಗಲವಾಗಲಿ. ಉಸಿರು ಒಳಗೆ ಬಂದಾಗ ತಳದ ಜೋಲಿ ತಾನಾಗಿ ಸ್ವಲ್ಪ ಕೆಳಗಿಳಿಯುತ್ತದೆ. ಅದನ್ನು ಗಮನಿಸಿ, ಏನೂ ಮಾಡಬೇಡಿ. ದಿನಕ್ಕೆ ಎರಡು ಸಲ ಐದೈದು ನಿಮಿಷ. ಒಂದು ವಾರದಲ್ಲಿ ಆ ಇಳಿತ ಕೈಗೆ ಸಿಕ್ಕ ಹಾಗೆ ಗೊತ್ತಾಗುತ್ತದೆ.

ಆಮೇಲೆ ಟಾಯ್ಲೆಟ್‌ನಲ್ಲಿ ಇದನ್ನೇ ಮಾಡಿ. ಉಸಿರೆಳೆದು ಹೊಟ್ಟೆ ಅಗಲ ಮಾಡಿ. ಆ ಅಗಲ ಬಿಡದೆ, ಬಿಸಿ ಪಾನೀಯ ಆರಿಸುವಾಗ ಊದುವ ಹಾಗೆ ಬಾಯಿಂದ ಮೆಲ್ಲಗೆ ಗಾಳಿ ಬಿಡುತ್ತಾ ಕೆಳಕ್ಕೆ ಬಿಟ್ಟುಕೊಡಿ. ದವಡೆ ಸಡಿಲ, ಭುಜ ಸಡಿಲ. ಮೂರ್ನಾಲ್ಕು ಸಲ, ನಡುವೆ ವಿರಾಮ.

ಸುಮ್ನೆ ಕೆಗಲ್ ವ್ಯಾಯಾಮ ಶುರು ಮಾಡಬೇಡಿ. ಅದು ಬಿಗಿಹಿಡಿಯುವುದನ್ನು ಕಲಿಸುವ ವ್ಯಾಯಾಮ. ಸಡಿಲವಾದ ಸ್ನಾಯುವಿಗೆ ಒಳ್ಳೆಯದು, ಆಗಲೇ ಬಿಗಿದಿರುವ ಸ್ನಾಯುವಿಗೆ ನೋವೂ ಮಲಬದ್ಧತೆಯೂ ಜಾಸ್ತಿ. ಪೆಲ್ವಿಕ್ ಫ್ಲೋರ್ ಬಗ್ಗೆ ತರಬೇತಿ ಇರುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಮ್ಮೆ ತೋರಿಸಿ. ಗುದದ ಒತ್ತಡ ಅಳೆಯುವ ಪರೀಕ್ಷೆ, ಸಣ್ಣ ಬಲೂನನ್ನು ಹೊರಹಾಕುವ ಪರೀಕ್ಷೆಗಳಿಂದ ತೊಂದರೆ ಖಚಿತವಾದರೆ ಬಯೋಫೀಡ್‌ಬ್ಯಾಕ್ ಅನ್ನುವ ತರಬೇತಿ ಕೊಡುತ್ತಾರೆ. ಸ್ನಾಯು ಬಿಗಿದಿದೆಯಾ ಬಿಟ್ಟಿದೆಯಾ ಎಂದು ಪರದೆಯ ಮೇಲೆ ನೋಡುತ್ತಾ ಬಿಡುವುದನ್ನು ಕಲಿಯುವುದು. ಇಂಥ ತೊಂದರೆಗೆ ಬರೀ ಮಲ ಸಡಿಲಿಸುವ ಔಷಧಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಹೊಟ್ಟೆ ಮಸಾಜ್ ಕೂಡ ಹಿತ. ಬಲ ಕೆಳಹೊಟ್ಟೆಯಿಂದ ಮೇಲಕ್ಕೆ, ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ, ಎಡಬದಿಯಿಂದ ಕೆಳಕ್ಕೆ. ಹತ್ತು ನಿಮಿಷ, ಮೆತ್ತಗೆ. ಹರ್ನಿಯಾ ಇದ್ದರೆ, ಗರ್ಭಿಣಿಯಾಗಿದ್ದರೆ, ಹೊಟ್ಟೆಯಲ್ಲಿ ಇತ್ತೀಚೆಗೆ ಆಪರೇಷನ್ ಆಗಿದ್ದರೆ ಬೇಡ.

ಹೆಜ್ಜೆ 6: ಕೀಲನ್ನು ನಿಲ್ಲಿಸಬೇಡಿ, ಸುಸ್ತೂ ಮಾಡಬೇಡಿ

ನೋವಿಗೆ ಹೆದರಿ ಕೂತರೆ ಕೀಲು ಬಿಗಿಯುತ್ತದೆ, ಕರುಳೂ ನಿಧಾನವಾಗುತ್ತದೆ. ಒಂದೇ ಸಲ ಮುಕ್ಕಾಲು ಗಂಟೆ ನಡೆಯುವ ಬದಲು ಹತ್ತು ನಿಮಿಷದ ನಡಿಗೆ ದಿನಕ್ಕೆ ಮೂರು ಸಲ, ಊಟದ ನಂತರ. ಮರುದಿನ ಬೆಳಗ್ಗೆ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇರದಿದ್ದರೆ ಅಷ್ಟು ನಡಿಗೆ ನಿಮಗೆ ಸರಿ. ಜಾಸ್ತಿ ಇದ್ದರೆ ಕಡಿಮೆ ಮಾಡಿ, ಬಿಡಬೇಡಿ. ಈಜು, ನೀರಿನಲ್ಲಿ ನಡೆಯುವುದು ಕೀಲಿಗೆ ಹಗುರ. ಸೈಕಲ್ ತುಳಿಯುವವರು ಸೀಟ್ ಎತ್ತರಿಸಿಕೊಳ್ಳಿ.

ಊರುಗೋಲು ಬೇಕಾದರೆ ನೋಯದ ಬದಿಯ ಕೈಯಲ್ಲಿ ಹಿಡಿಯಿರಿ. ಎಡಗಾಲು ನೋವಿಗೆ ಬಲಗೈ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು.

ವ್ಯಾಯಾಮ ಎರಡೇ ಹೇಳುತ್ತೇನೆ. ಒಂದು, ಮಲಗಿ ಮಂಡಿ ಮಡಿಸಿ, ಉಸಿರು ಬಿಡುತ್ತಾ ಸೊಂಟ ಸ್ವಲ್ಪ ಮೇಲೆತ್ತಿ ಐದು ಎಣಿಸಿ ಇಳಿಸುವುದು, ಎಂಟು ಹತ್ತು ಸಲ. ಪಿರ್ರೆಯ ಸ್ನಾಯು ಗಟ್ಟಿಯಾದರೆ ಕೀಲಿನ ಭಾರ ಹಂಚಿಕೊಳ್ಳುತ್ತದೆ. ಎರಡು, ಕುರ್ಚಿ ಹಿಡಿದು ನಿಂತು ನೋಯುವ ಕಾಲನ್ನು ಒಂದು ಹೆಜ್ಜೆ ಹಿಂದಿಟ್ಟು, ಪಿರ್ರೆ ಬಿಗಿಮಾಡಿ ಸೊಂಟವನ್ನು ಮೆಲ್ಲಗೆ ಮುಂದಕ್ಕೆ ತರುವುದು. ತೊಡೆಸಂದಿಯ ಮುಂದೆ ಹಿತವಾದ ಎಳೆತ ಗೊತ್ತಾಗಬೇಕು, ಚುಚ್ಚಬಾರದು. ಗ್ಯಾಸ್ ಹೋಗಲಿ ಅಂತ ಮಂಡಿಯನ್ನು ಎದೆಗೆ ಒತ್ತಿ ಹಿಡಿಯುವ ವ್ಯಾಯಾಮ ಹಲವರು ಹೇಳುತ್ತಾರೆ. ತೊಡೆಸಂದಿಯಲ್ಲಿ ಚಿವುಟಿದ ಹಾಗಾದರೆ ಅದು ನಿಮ್ಮ ವ್ಯಾಯಾಮವಲ್ಲ.

ಮಲಗುವಾಗ ನೋಯದ ಮಗ್ಗುಲಿಗೆ ತಿರುಗಿ, ಮಂಡಿಯಿಂದ ಪಾದದವರೆಗೆ ನಡುವೆ ದಿಂಬು ಇಡಿ. ಕೂರುವ ಕೆಲಸವಾದರೆ ಅರ್ಧ ಗಂಟೆಗೊಮ್ಮೆ ಏಳಿ, ಕುರ್ಚಿ ಮಂಡಿಗಿಂತ ಸೊಂಟ ತುಸು ಮೇಲಿರುವಷ್ಟು ಎತ್ತರ ಇರಲಿ.

ಹೆಜ್ಜೆ 7: ಡಾಕ್ಟರ್ ಮುಂದೆ ಏನು ಹೇಳಬೇಕು

ಆ ಹತ್ತು ನಿಮಿಷದಲ್ಲಿ ನಾಚಿಕೆಗೆ ಜಾಗ ಕೊಡಬೇಡಿ. ನೋಟ್‌ಬುಕ್ ಕೈಯಲ್ಲಿರಲಿ. ಮೊದಲ ವಾಕ್ಯದಲ್ಲೇ ಎರಡನ್ನೂ ಹೇಳಿಬಿಡಿ: "ಡಾಕ್ಟ್ರೇ, ಆರು ತಿಂಗಳಿಂದ ತೊಡೆಸಂದಿ ನೋವಿದೆ, ಜೊತೆಗೆ ಮಲಬದ್ಧತೆಯೂ ಇದೆ. ಮೋಷನ್ ಆಗದ ದಿನ ನೋವು ಜಾಸ್ತಿ." ಆಮೇಲೆ ಕೇಳಬೇಕಾದ್ದು ಇಷ್ಟು. ಕೀಲನ್ನು ತಿರುಗಿಸಿ ಪರೀಕ್ಷೆ ಮಾಡುತ್ತೀರಾ, ಎಕ್ಸ್‌ರೇ ಬೇಕಾ? ನಿಲ್ಲಿಸಿ, ಕೆಮ್ಮಿಸಿ ಹರ್ನಿಯಾ ನೋಡುತ್ತೀರಾ? ಈ ನೋವಿನ ಮಾತ್ರೆ ಹೊಟ್ಟೆ ಕಟ್ಟುತ್ತದಾ? ತಳದ ಸ್ನಾಯುವನ್ನು ಯಾರಿಗೆ ತೋರಿಸಲಿ? ಎಕ್ಸ್‌ರೇಯಲ್ಲಿ ಸ್ವಲ್ಪ ಸವೆತ ಕಂಡರೆ ಎದೆಗುಂದಬೇಡಿ. ವಯಸ್ಸಾದವರಲ್ಲಿ ನೋವೇ ಇಲ್ಲದೆಯೂ ಸವೆತ ಕಾಣುವುದುಂಟು. ಚಿತ್ರವನ್ನೂ ಲಕ್ಷಣವನ್ನೂ ಸೇರಿಸಿ ಓದಬೇಕು.

ಎರಡೂ ಒಟ್ಟಿಗೆ ಕೆಡುವ ದಿನಗಳು ಆದರೂ ಬರುತ್ತವೆ. ಆ ದಿನಕ್ಕೆ ನನ್ನ ಹತ್ತಿರ ಒಂದು ಚೀಟಿ ಇದೆ, ಬಚ್ಚಲುಮನೆ ಬಾಗಿಲ ಒಳಗೆ ಅಂಟಿಸಿದ್ದೇನೆ. ತೊಡೆಸಂದಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, ಹದಿನೈದು ನಿಮಿಷ. ಮಲಗಿ ಐದು ನಿಮಿಷ ಉಸಿರು. ಮನೆಯೊಳಗೇ ಐದು ನಿಮಿಷ ನಡಿಗೆ. ಡಾಕ್ಟರ್ ಹೇಳಿದ ಪುಡಿ ಆ ರಾತ್ರಿ ತಪ್ಪಿಸಬಾರದು. ಮೂರು ದಿನ ದಾಟಿದರೆ ಅವರು ಮೊದಲೇ ಹೇಳಿಟ್ಟಿರುವ ಎರಡನೇ ಔಷಧಿ. ತಿಣುಕು ಮಾತ್ರ ಬೇಡ.

ಇದನ್ನೆಲ್ಲ ಆರು ವಾರ ಬಿಡದೆ ಮಾಡಿ, ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟದ ಜೊತೆ ಹೋಲಿಸಿ. ನನ್ನದರಲ್ಲಿ ಮೊದಲು ಬದಲಾದದ್ದು ನೋವಿನ ಅಂಕಿಯಲ್ಲ, ಮಲದ ಅಂಕಿ. 1, 2 ಇದ್ದದ್ದು 3ಕ್ಕೆ ಬಂತು. ನೋವು ಅದರ ಹಿಂದೆ ತಿಂಗಳು ತಡವಾಗಿ ಇಳಿಯಿತು. ಸಾಕ್ಸ್ ಮಾತ್ರ ಇವತ್ತಿಗೂ ಬಗ್ಗಿ ಹಾಕಿಕೊಳ್ಳುವುದಿಲ್ಲ. ಮಂಚದ ಅಂಚಿಗೆ ಓರೆಯಾಗಿ ಕೂತು, ನೋಯುವ ಕಾಲನ್ನು ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು, ಮಂಡಿ ಮಡಿಸಿ ಪಾದವನ್ನು ಹಿಂದಕ್ಕೆ ತಂದು, ಬೆನ್ನ ಹಿಂದಿನಿಂದ ಕೈ ಚಾಚಿ ಹಾಕಿಕೊಳ್ಳುತ್ತೇನೆ. ಹೀಗೆ ಮಾಡಿದರೆ ತೊಡೆಸಂದಿ ಮಡಚುವುದೇ ಇಲ್ಲ. ಮೊದಲ ಎರಡು ದಿನ ಪಾದ ಕೈಗೆ ಸಿಗುವುದಿಲ್ಲ, ಮೂರನೇ ದಿನ ಸಿಗುತ್ತದೆ.